ಹೈಬ್ರಿಡ್ ಕಾರಿನ ಮೈಲೇಜ್ ಕುಸಿದಾಗ: ಮೊದಲು ಲೆಕ್ಕ, ಅನಂತರ ರಿಪೇರಿ

ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಕಾರು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಪಾಂಡವಪುರದ ಅಕ್ಕಿ ಗಿರಣಿಯವರು ಮೈಸೂರಿಗೆ, ನಾಗಮಂಗಲದ ಕೊಬ್ಬರಿ ವರ್ತಕರು ತಿಪಟೂರಿಗೆ, ಕೃಷ್ಣರಾಜಪೇಟೆ ಮತ್ತು ಶ್ರೀರಂಗಪಟ್ಟಣದವರು ಬೆಂಗಳೂರಿಗೆ ವಾರಕ್ಕೆರಡು ಬಾರಿಯಾದರೂ ಓಡಾಡುವುದು ವ್ಯವಹಾರದ ಅನಿವಾರ್ಯ ಅಂಗವಾಗಿದೆ. ಪೆಟ್ರೋಲ್ ಇನ್ನೂ ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಅದರ ಮೇಲೆ ಕಟ್ಟಿದ ತೆರಿಗೆಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ; ಬಂಕಿನಲ್ಲಿ ಕೊಟ್ಟ ಪ್ರತಿ ರೂಪಾಯಿಯೂ ಪೂರ್ತಿಯಾಗಿ ಖರ್ಚಿನ ಬಾಬ್ತಿಗೇ ಸೇರುತ್ತದೆ. ಹೆಚ್ಚು ಬೆಲೆ ಕೊಟ್ಟು ಹೈಬ್ರಿಡ್ ಕಾರು ಕೊಳ್ಳುವವರ ಉದ್ದೇಶ ಈ ಖರ್ಚನ್ನು ತಗ್ಗಿಸುವುದೇ ಆಗಿದೆ. ಅಂತಹ ಕಾರಿನ ಮೈಲೇಜ್ ಎರಡು ಮೂರು ವರ್ಷಗಳಲ್ಲಿ ಕುಸಿಯತೊಡಗಿದರೆ ಮಾಲೀಕರಿಗೆ ಆತಂಕವಾಗುವುದು ಸಹಜ.

ಆತಂಕದಲ್ಲಿರುವವರಿಗೆ ಮೊದಲು ಕಿವಿಗೆ ಬೀಳುವ ಮಾತು "ಬ್ಯಾಟರಿ ಹೋಗಿದೆ" ಎಂಬುದು. ಈ ಒಂದು ಮಾತನ್ನು ನಂಬಿ ದೊಡ್ಡ ಮೊತ್ತದ ರಿಪೇರಿಗೆ ಒಪ್ಪಿಕೊಳ್ಳುವುದು, ಇಲ್ಲವೇ ಕಾರನ್ನೇ ಸಿಕ್ಕಿದ ಬೆಲೆಗೆ ಮಾರಿಬಿಡುವುದು ವಿವೇಕವಲ್ಲ. ಒಟ್ಟು ಲಾಭದ ಪ್ರಮಾಣ ಕುಸಿದಾಗ ನಾವು ಏನು ಮಾಡುತ್ತೇವೆ? ಮೊದಲು ಮಾರಾಟದ ಅಂಕಿ ಸರಿಯಿದೆಯೇ, ಸರಕಿನ ಅಳತೆ ಸರಿಯಿದೆಯೇ, ಮಾರಿದ ಸರಕಿನ ಮಿಶ್ರಣ ಬದಲಾಗಿದೆಯೇ ಎಂದು ನೋಡುತ್ತೇವೆ. ಕಳ್ಳತನದ ಶಂಕೆ ಕೊನೆಯದು. ಕಾರಿನ ಮೈಲೇಜಿಗೂ ಇದೇ ಕ್ರಮ ಅನ್ವಯಿಸುತ್ತದೆ. ಈ ಲೇಖನದ ಉದ್ದೇಶ ಆ ಕ್ರಮವನ್ನು ವಿವರಿಸುವುದು.

ಹೈಬ್ರಿಡ್ ಎಂದರೆ ಯಾವುದು?

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ, ಅದರ ಬೆನ್ನಿಗೇ ಇನ್ನೋವಾ ಹೈಕ್ರಾಸ್ ಅದೇ ಕಾರ್ಖಾನೆಯಿಂದ ಹೊರಬಂದ ಮೇಲೆ ನಮ್ಮ ತಾಲ್ಲೂಕುಗಳಲ್ಲಿಯೂ ಹೈಬ್ರಿಡ್ ಎಂಬ ಪದ ಬಳಕೆಗೆ ಬಂದಿತು. ಆದರೆ ಪೇಟೆಯಲ್ಲಿ ಈ ಹೆಸರಿನಲ್ಲಿ ಎರಡು ಬಗೆಯ ಕಾರುಗಳಿವೆ. ಮೊದಲನೆಯದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಸಣ್ಣ ವಿದ್ಯುತ್ ಯಂತ್ರವು ಎಂಜಿನ್ನಿಗೆ ಕೈಯಾಸರೆ ಮಾತ್ರ ನೀಡುತ್ತದೆ; ಕಾರನ್ನು ತಾನೇ ಓಡಿಸಲಾರದು. ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ವಿದ್ಯುತ್ ಮೋಟಾರು ಕೆಲಹೊತ್ತು ಪೆಟ್ರೋಲ್ ಎಂಜಿನ್ನಿನ ನೆರವಿಲ್ಲದೆ ಕಾರನ್ನು ಓಡಿಸಬಲ್ಲದು. ಈ ಲೇಖನದಲ್ಲಿ ಹೇಳುವುದು ಎರಡನೆಯದರ ಬಗ್ಗೆ.

ಸ್ಟ್ರಾಂಗ್ ಹೈಬ್ರಿಡ್ ಇಂಧನ ಉಳಿಸುವುದು ಮುಖ್ಯವಾಗಿ ಮೂರು ದಾರಿಗಳಿಂದ. ನಿಂತಾಗಲೂ ನಿಧಾನವಾಗಿ ಚಲಿಸುವಾಗಲೂ ಎಂಜಿನ್ ಆರಿರುತ್ತದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗಿ ಬಿಸಿಯಾಗಿ ಹೋಗಬೇಕಾದ ಶಕ್ತಿಯ ಒಂದು ಭಾಗ ವಿದ್ಯುತ್ತಾಗಿ ಬ್ಯಾಟರಿಗೆ ಜಮೆಯಾಗುತ್ತದೆ. ಎಂಜಿನ್ ಓಡುವಾಗ ಅದು ಮಿತವ್ಯಯವಾಗುವ ವೇಗದಲ್ಲಿ ಓಡುವಂತೆ ಕಂಪ್ಯೂಟರು ನೋಡಿಕೊಳ್ಳುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ಸಾಮಾನ್ಯ ಕಾರು ಊರೊಳಗೆ ಕಡಿಮೆ, ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ. ಹೈಬ್ರಿಡ್ ಕಾರಿನಲ್ಲಿ ಬಹುಮಟ್ಟಿಗೆ ಇದು ತಲೆಕೆಳಗಾಗಿದೆ. ಬ್ರೇಕ್ ಒತ್ತದೆ ಒಂದೇ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಮರಳಿ ಪಡೆಯಲು ಶಕ್ತಿಯೇ ಇರುವುದಿಲ್ಲ. ಎಂಜಿನ್ ಸತತವಾಗಿ ಓಡುತ್ತಲೇ ಇರುತ್ತದೆ. ಹಳೆಯ ಕಾರಿನ ಅನುಭವವನ್ನು ಇಲ್ಲಿಗೆ ತಂದವರು ಸರಿಯಿರುವ ಕಾರನ್ನೂ ಕೆಟ್ಟಿದೆ ಎಂದು ತೀರ್ಮಾನಿಸಿಬಿಡುತ್ತಾರೆ.

ಮೊದಲ ಹೆಜ್ಜೆ: ಅಳತೆ ಸರಿಯಿದೆಯೇ?

ಕಂಪನಿಯ ಕೈಪುಸ್ತಕದ ಅಂಕಿಯೊಡನೆ ಹೋಲಿಸಬಾರದು. ಹೈರೈಡರ್ ಹೈಬ್ರಿಡ್ಡಿಗೆ ಘೋಷಿಸಿದ ಲೀಟರಿಗೆ 27.97 ಕಿ.ಮೀ. ಎಂಬುದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ನಿಗದಿತ ವೇಗಕ್ರಮದಲ್ಲಿ, ಎ.ಸಿ. ಹಾಕದೆ ಪಡೆದ ಅಂಕಿ. ಆ ಪರೀಕ್ಷೆಯ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ. ನಿಮ್ಮ ಕಾರಿಗೆ ಸರಿಯಾದ ಹೋಲಿಕೆಯೆಂದರೆ ಅದೇ ಕಾರಿನ ಹಿಂದಿನ ವರ್ಷದ ಅಂಕಿ ಮಾತ್ರ.

ಡ್ಯಾಶ್‌ಬೋರ್ಡಿನ ಪರದೆಯ ಸರಾಸರಿಯನ್ನು ಸೂಚನೆಯೆಂದು ತಿಳಿಯಿರಿ, ಸಾಕ್ಷ್ಯವೆಂದಲ್ಲ. ಸಾಕ್ಷ್ಯ ಬೇಕಾದರೆ ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಓಡೋಮೀಟರ್, ಹಾಕಿಸಿದ ಲೀಟರು, ಮೊತ್ತ ಇಷ್ಟನ್ನು ಬರೆದಿಡಿ. ಪ್ರತಿ ಬಾರಿಯೂ ಟ್ಯಾಂಕ್ ತುಂಬಿಸಬೇಕು. ಸಾಧ್ಯವಾದರೆ ಅದೇ ಬಂಕು, ಅದೇ ಪಂಪು, ಮೊದಲ ಬಾರಿ ತಾನಾಗಿ ನಿಂತಲ್ಲಿಗೇ ನಿಲ್ಲಿಸಬೇಕು. 20 ಲೀಟರಿನಲ್ಲಿ ಒಂದು ಲೀಟರು ಹೆಚ್ಚುಕಡಿಮೆಯಾದರೆ ಶೇ. 5ರಷ್ಟು ತಪ್ಪಾಗುತ್ತದೆ. ಆದ್ದರಿಂದ ಒಂದು ಭರ್ತಿಯಿಂದ ತೀರ್ಮಾನಿಸದೆ ಕನಿಷ್ಠ ನಾಲ್ಕೈದು ಭರ್ತಿಗಳ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು.

ಸರಾಸರಿಗಳ ಸರಾಸರಿ ತೆಗೆಯುವುದು ತಪ್ಪು. ಊರೊಳಗೆ 400 ಕಿ.ಮೀ. 24ರಂತೆ, ಹೆದ್ದಾರಿಯಲ್ಲಿ 400 ಕಿ.ಮೀ. 16ರಂತೆ ಓಡಿದರೆ ಸರಾಸರಿ 20 ಅಲ್ಲ. ಬಳಸಿದ್ದು 16.7 ಮತ್ತು 25, ಒಟ್ಟು 41.7 ಲೀಟರು; ನಿಜವಾದ ಸರಾಸರಿ 19.2. ಬೇರೆ ಬೇರೆ ದರದ ಸರಕನ್ನು ಕೂಡಿಸುವಾಗ ನಾವು ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸಬೇಕು.

ಬಂಕಿನ ಅಳತೆಯ ಬಗ್ಗೆ ಸಂಶಯವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಮಾಪನದಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ. ಈ ಹಕ್ಕನ್ನು ಸಂಕೋಚವಿಲ್ಲದೆ ಚಲಾಯಿಸಿರಿ.

ಎರಡನೆಯ ಹೆಜ್ಜೆ: ರಸ್ತೆ ಬದಲಾಗಿದೆಯೇ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಹಿಂದೆ ಮದ್ದೂರು, ಚನ್ನಪಟ್ಟಣ, ರಾಮನಗರಗಳ ಪೇಟೆಯೊಳಗೆ ನಿಧಾನವಾಗಿ ಸಾಗುತ್ತಿದ್ದ ಕಾರುಗಳು ಈಗ ಆ ಊರುಗಳನ್ನು ಬಳಸಿಕೊಂಡು 100 ಕಿ.ಮೀ. ವೇಗದಲ್ಲಿ ಹೋಗುತ್ತಿವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 80ರಿಂದ 100ಕ್ಕೆ ಏರಿದರೆ ವೇಗ ಹೆಚ್ಚುವುದು ಶೇ. 25, ಗಾಳಿಯ ತಡೆ ಹೆಚ್ಚುವುದು ಶೇ. 56. ಮೈಲೇಜ್ ಕುಸಿತದ ದೊಡ್ಡ ಪಾಲು ಅನೇಕರ ವಿಷಯದಲ್ಲಿ ಇಲ್ಲಿಯೇ ಅಡಗಿರುತ್ತದೆ. ನೂರು ಕಿ.ಮೀ. ದೂರವನ್ನು 100ರ ಬದಲು 80ರ ವೇಗದಲ್ಲಿ ಕ್ರಮಿಸಿದರೆ ಹೆಚ್ಚು ತಗಲುವ ಸಮಯ 15 ನಿಮಿಷ. ಆ ಕಾಲು ಗಂಟೆಗೆ ಎಷ್ಟು ಬೆಲೆ ತೆರಬೇಕೆಂಬುದನ್ನು ಪ್ರತಿಯೊಬ್ಬರೂ ತಮ್ಮ ವ್ಯವಹಾರದ ಅಗತ್ಯ ನೋಡಿ ನಿರ್ಧರಿಸಬಹುದು.

ಇದಕ್ಕೆ ವಿರುದ್ಧವಾದ ತುದಿಯೂ ಒಂದಿದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ ಎಂದು ಒಂದೆರಡು ಕಿ.ಮೀ. ಓಡಿಸಿ ನಿಲ್ಲಿಸುವುದು ಹೈಬ್ರಿಡ್ಡಿಗೆ ಹಿತವಲ್ಲ. ಬ್ಯಾಟರಿ ತುಂಬಿದ್ದರೂ ತಣ್ಣಗಿರುವ ಎಂಜಿನ್ ಮತ್ತು ಹೊಗೆಶುದ್ಧಿ ಯಂತ್ರ ಬಿಸಿಯಾಗುವವರೆಗೆ ಪೆಟ್ರೋಲ್ ಉರಿಯಲೇಬೇಕು. ಬಿಡಿಬಿಡಿಯಾಗಿ ನಾಲ್ಕು ಬಾರಿ ಹೊರಡುವುದಕ್ಕಿಂತ ಕೆಲಸಗಳನ್ನು ಒಟ್ಟುಗೂಡಿಸಿ ಒಮ್ಮೆ ಹೊರಡುವುದು ಲಾಭಕರ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಜೋಡಿಸುವ 150-ಎ ಹೆದ್ದಾರಿಯಲ್ಲಾಗಲಿ, ಚಿನಕುರಳಿಯ ಮೂಲಕ ಕೃಷ್ಣರಾಜಪೇಟೆಗೆ ಹೋಗುವ ದಾರಿಯಲ್ಲಾಗಲಿ ಮಧ್ಯಮ ವೇಗದಲ್ಲಿ ಸಾಗುವ ಪ್ರಯಾಣವೇ ಈ ಕಾರುಗಳಿಗೆ ಹೆಚ್ಚು ಒಗ್ಗುತ್ತದೆ.

ಮೂರನೆಯ ಹೆಜ್ಜೆ: ಇಂಧನ ಬದಲಾಗಿದೆಯೇ?

ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಧಾನಿಯವರು ಬಿಡುಗಡೆ ಮಾಡಿದರು. 2022ರಲ್ಲಿ ದೇಶದ ಸರಾಸರಿ ಮಿಶ್ರಣ ಶೇ. 10ನ್ನು ಮುಟ್ಟಿತ್ತು, 2025ರ ವೇಳೆಗೆ ಶೇ. 20ರ ಗುರಿಯನ್ನು ತಲುಪಲಾಯಿತು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ. ಮಿಶ್ರಣ ಶೇ. 10ರಿಂದ 20ಕ್ಕೆ ಏರಿದಾಗ ಪ್ರತಿ ಲೀಟರಿನ ಶಕ್ತಿ ಶೇ. 3ಕ್ಕಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ. ಎಂಜಿನ್ನನ್ನು ಹೊಸ ಇಂಧನಕ್ಕೆ ಹೊಂದಿಸಿದ್ದರೆ ಈ ನಷ್ಟದ ಸ್ವಲ್ಪ ಭಾಗವನ್ನು ತುಂಬಿಕೊಳ್ಳಬಹುದು. ನೀತಿ ಆಯೋಗವು 2021ರಲ್ಲಿ ಹೊರತಂದ ಎಥನಾಲ್ ಮಾರ್ಗಸೂಚಿಯಲ್ಲಿ, ಶೇ. 10ರ ಮಿಶ್ರಣಕ್ಕೆ ವಿನ್ಯಾಸಗೊಳಿಸಿ ಶೇ. 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಇಳಿಕೆಯನ್ನು ಅಂದಾಜಿಸಲಾಗಿತ್ತು. ಇಷ್ಟರಮಟ್ಟಿನ ಇಳಿಕೆಗೆ ಗ್ಯಾರೇಜಿನಲ್ಲಿ ಮದ್ದಿಲ್ಲ. ಮದ್ದು ಹುಡುಕಿ ಹಣ ಕಳೆಯಬಾರದು.

ನಾಲ್ಕನೆಯ ಹೆಜ್ಜೆ: ಚಕ್ರಗಳು

ಟೈರಿನ ಗಾಳಿ ಎಲ್ಲಕ್ಕಿಂತ ಅಗ್ಗದ ರಿಪೇರಿ. ಚಾಲಕನ ಬಾಗಿಲ ಬಳಿಯಿರುವ ಚೀಟಿಯಲ್ಲಿ ಬರೆದಿರುವ ಒತ್ತಡವನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ಹಾಕಿಸಬೇಕು.

ಹೊಸ ಟೈರಿನ ವಿಷಯದಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಸವೆದ ಟೈರಿನ ಸುತ್ತಳತೆ ಕಡಿಮೆ. ಆದ್ದರಿಂದ ಓಡೋಮೀಟರು ನಿಜಕ್ಕಿಂತ ಹೆಚ್ಚು ದೂರ ತೋರಿಸುತ್ತದೆ. 330 ಮಿ.ಮೀ. ತ್ರಿಜ್ಯದ ಚಕ್ರದಲ್ಲಿ 6 ಮಿ.ಮೀ. ಸವೆದರೆ ಈ ವ್ಯತ್ಯಾಸ ಶೇ. 1.8. ಹೊಸ ಟೈರು ಹಾಕಿದ ದಿನದಿಂದಲೇ ಪುಸ್ತಕದ ಮೈಲೇಜ್ ಅಷ್ಟು ಇಳಿಯುತ್ತದೆ. ಇದು ನಷ್ಟವಲ್ಲ, ಹಿಂದಿನ ಉತ್ಪ್ರೇಕ್ಷೆ ಸರಿಯಾದದ್ದು. ಆದರೆ ಅಗಲವಾದ ಅಥವಾ ಬೇರೆ ಮಾದರಿಯ ಟೈರು ಹಾಕಿಸಿದ್ದರೆ ಉರುಳುವ ತಡೆ ನಿಜವಾಗಿಯೂ ಹೆಚ್ಚಿರಬಹುದು.

ಹೈಬ್ರಿಡ್ ಕಾರಿನಲ್ಲಿ ನಿಧಾನಗೊಳಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡುಗಳು ಅಪರೂಪಕ್ಕೆ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ತುಕ್ಕು ಹಿಡಿದು ಒಂದು ಚಕ್ರದ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿರುವ ಸಾಧ್ಯತೆಯಿದೆ. ಹೆಚ್ಚು ಬ್ರೇಕ್ ಬಳಸದೆ ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ, ಚಕ್ರದ ಸಮೀಪ ಅಂಗೈ ಹಿಡಿದು ನೋಡಿ, ಮುಟ್ಟಬಾರದು. ಒಂದು ಚಕ್ರದ ಬಿಸಿ ಮಾತ್ರ ಎದ್ದು ಕಂಡರೆ ಅದನ್ನು ಬಿಚ್ಚಿ ನೋಡಿಸಬೇಕು. ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಐದನೆಯ ಹೆಜ್ಜೆ: ಚಾಲನೆ ಮತ್ತು ನಿರ್ವಹಣೆ

ಸಂಬಳದ ಚಾಲಕರಿಗೆ ಈ ಎರಡು ಮಾತುಗಳನ್ನು ತಿಳಿಸಿಡುವುದು ಒಳ್ಳೆಯದು. ರೈಲ್ವೆ ಗೇಟಿನಲ್ಲೋ ಸಿಗ್ನಲ್ಲಿನಲ್ಲೋ ನಿಂತಾಗ ಹಳೆಯ ಅಭ್ಯಾಸದಂತೆ ನ್ಯೂಟ್ರಲ್ಲಿಗೆ ಹಾಕಬಾರದು. ಆ ಸ್ಥಿತಿಯಲ್ಲಿ ಹೈಬ್ರಿಡ್ ಬ್ಯಾಟರಿಗೆ ಚಾರ್ಜ್ ಆಗುವುದಿಲ್ಲ. ಮೇಲುಕೋಟೆಯ ಬೆಟ್ಟ ಇಳಿಯುವಾಗ ನ್ಯೂಟ್ರಲ್ಲಿನಲ್ಲಿ ಜಾರಿಸುವುದಂತೂ ಅಪಾಯಕರವೂ ಹೌದು, ನಷ್ಟವೂ ಹೌದು. 1,500 ಕಿಲೋ ತೂಕದ ಕಾರು ನೂರು ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 0.4 ಯೂನಿಟ್. ಹೈರೈಡರಿನ ಇಡೀ ಬ್ಯಾಟರಿಯ ಸಾಮರ್ಥ್ಯವೇ 0.76 ಯೂನಿಟ್. ಇಳಿಜಾರಿನ ಈ ಆದಾಯದ ಒಂದು ಭಾಗವಾದರೂ ಜಮೆಯಾಗಬೇಕಾದರೆ ಗೇರು 'ಡಿ' ಅಥವಾ 'ಬಿ'ಯಲ್ಲಿರಬೇಕು, ಬ್ರೇಕನ್ನು ದೂರದಿಂದಲೇ ಮೆಲ್ಲನೆ ಒತ್ತಬೇಕು.

ಎಂಜಿನ್ ಆಯಿಲ್ ಕೈಪಿಡಿಯಲ್ಲಿ ಹೇಳಿದ ತೆಳು ಶ್ರೇಣಿಯದೇ ಇರಬೇಕು. ಹೊರಗಿನ ಗ್ಯಾರೇಜಿನಲ್ಲಿ ಕೈಗೆ ಸಿಕ್ಕಿದ ದಪ್ಪ ಆಯಿಲ್ ಹಾಕಿಸಿದರೆ ಪ್ರತಿ ಕಿಲೋಮೀಟರಿಗೂ ದಂಡ ತೆರಬೇಕಾಗುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಬಿಡಿಭಾಗ, ಮಾದರಿ ಚೀಲಗಳನ್ನು ಇಳಿಸಿರಿ. ಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡು ಕಾಯುತ್ತ ಕುಳಿತರೆ ಬ್ಯಾಟರಿ ಇಳಿದಂತೆಲ್ಲ ಎಂಜಿನ್ ತಾನಾಗಿ ಚಾಲೂ ಆಗುತ್ತದೆ, ಇದು ದೋಷವಲ್ಲ. ಧೂಳಿನ ರಸ್ತೆಯಲ್ಲಿ ಓಡುವವರು ಎಂಜಿನ್ನಿನ ಏರ್ ಫಿಲ್ಟರಿನೊಡನೆ ಹೈಬ್ರಿಡ್ ಬ್ಯಾಟರಿಯನ್ನು ತಂಪುಮಾಡುವ ಗಾಳಿಕಿಂಡಿಯನ್ನೂ ಶುಚಿಮಾಡಿಸಬೇಕು. ಆ ಕಿಂಡಿ ಎಲ್ಲಿದೆಯೆಂದು ಕೈಪಿಡಿಯಲ್ಲಿ ಚಿತ್ರವಿರುತ್ತದೆ; ಅದರ ಮುಂದೆ ಚೀಲವನ್ನಾಗಲಿ ಬಟ್ಟೆಯನ್ನಾಗಲಿ ಇಡಬಾರದು.

ಕೊನೆಯ ಹೆಜ್ಜೆ: ಬ್ಯಾಟರಿ, ಅದೂ ಯಾವ ಬ್ಯಾಟರಿ?

ಈ ಕಾರುಗಳಲ್ಲಿ ಎರಡು ಬ್ಯಾಟರಿಗಳಿವೆ. ದೀಪ, ಬಾಗಿಲ ಬೀಗ, ಕಂಪ್ಯೂಟರುಗಳಿಗಾಗಿ ಇರುವುದು ಸಾಮಾನ್ಯ 12 ವೋಲ್ಟಿನದು. ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದ ಸಣ್ಣ ಖರ್ಚಿನ ವಸ್ತು. ಕಾರನ್ನು ಓಡಿಸುವುದು ಇನ್ನೊಂದು, ಹೆಚ್ಚು ವೋಲ್ಟೇಜಿನದು. "ಬ್ಯಾಟರಿ ಹೋಗಿದೆ" ಎಂದವರನ್ನು ಯಾವುದೆಂದು ಕೇಳಬೇಕು.

ದೊಡ್ಡ ಬ್ಯಾಟರಿ ನಿಜವಾಗಿ ಕ್ಷೀಣಿಸಿದ್ದರೆ ಅದರ ಲಕ್ಷಣಗಳು ಸಾಮಾನ್ಯವಾಗಿ ಕಾಣುತ್ತವೆ: ಪರದೆಯ ಬ್ಯಾಟರಿ ಪಟ್ಟಿಗಳು ಸ್ವಲ್ಪ ದೂರದಲ್ಲೇ ತುಂಬಿ ಅಷ್ಟೇ ಬೇಗ ಖಾಲಿಯಾಗುವುದು, ಎ.ಸಿ. ಇಲ್ಲದೆ ನಿಂತಾಗಲೂ ಎಂಜಿನ್ ಪದೇ ಪದೇ ಚಾಲೂ ಆಗುವುದು, ತಂಪುಮಾಡುವ ಫ್ಯಾನು ಜೋರಾಗಿ ಸದ್ದುಮಾಡುವುದು, ಎಚ್ಚರಿಕೆಯ ದೀಪ ಬರುವುದು. ಇವು ಕಂಡರೆ ಅಧಿಕೃತ ಸೇವಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ಬ್ಯಾಟರಿಯ ಒಳಭಾಗಗಳ ವೋಲ್ಟೇಜ್ ವರದಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುವುದರಿಂದ ತರಬೇತಿಯಿಲ್ಲದವರು ಕೈಹಾಕಲು ಬಿಡಬಾರದು.

ಹಣ ಕಟ್ಟುವ ಮೊದಲು ವಾರಂಟಿ ಪತ್ರವನ್ನು ತೆರೆದು ನೋಡಬೇಕು. ಹೈರೈಡರ್, ಹೈಕ್ರಾಸ್‌ಗಳ ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಟ್ಟಿರುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. 2022ರ ಕೊನೆಯಲ್ಲಿ ಕೊಂಡ ಕಾರಿಗೆ, ಅಷ್ಟು ಕಿಲೋಮೀಟರು ಮೀರದಿದ್ದರೆ, ಈ ರಕ್ಷಣೆ 2030ರ ಕೊನೆಯವರೆಗೆ ಇರುತ್ತದೆ. ಸರ್ವಿಸ್ ಬಿಲ್ಲುಗಳನ್ನು ಮಾರಾಟದ ಬಿಲ್ಲುಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಒಂದು ಮಾದರಿ ಲೆಕ್ಕ

ತಿಂಗಳಿಗೆ 1,500 ಕಿ.ಮೀ. ಓಡುವ ವರ್ತಕರೊಬ್ಬರ ಕಾರಿನ ಮೈಲೇಜ್ 22ರಿಂದ 19ಕ್ಕೆ ಇಳಿಯಿತೆಂದು ಭಾವಿಸೋಣ. ಹಿಂದೆ 400 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ, ಉಳಿದ 1,100 ಕಿ.ಮೀ. ತಾಲ್ಲೂಕಿನ ರಸ್ತೆಗಳಲ್ಲಿ, ಈಗ ಎಕ್ಸ್‌ಪ್ರೆಸ್‌ವೇ ಓಟ 800 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ 18, ಇತರೆಡೆ 24 ಎಂದು ಹಿಡಿಯೋಣ.

ಹಿಂದಿನ ಬಳಕೆ: 68.1 ಲೀಟರು
ರಸ್ತೆಯ ಬದಲಾವಣೆಯಿಂದ: 5.5 ಲೀಟರು ಹೆಚ್ಚು
ಇಂಧನ ಮಿಶ್ರಣದಿಂದ, ಶೇ. 3ರಂತೆ: 2.2 ಲೀಟರು ಹೆಚ್ಚು
ಹೊಸ ಟೈರಿನ ಓಡೋಮೀಟರ್ ವ್ಯತ್ಯಾಸ, ಶೇ. 1.5ರಂತೆ: 1.1 ಲೀಟರು ಹೆಚ್ಚು
ವಿವರಣೆ ಸಿಗದೆ ಉಳಿದದ್ದು: 2.0 ಲೀಟರು
ಈಗಿನ ಬಳಕೆ: 78.9 ಲೀಟರು

ಹೆಚ್ಚಾದ 10.8 ಲೀಟರಿನಲ್ಲಿ ಗ್ಯಾರೇಜಿಗೆ ಸಂಬಂಧಿಸಿರಬಹುದಾದದ್ದು 2 ಲೀಟರು ಮಾತ್ರ. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂ. ಎಂದು ಹಿಡಿದರೆ ಒಟ್ಟು ಹೆಚ್ಚುವರಿ ಖರ್ಚು ತಿಂಗಳಿಗೆ 1,080 ರೂ., ವರ್ಷಕ್ಕೆ ಸುಮಾರು 13,000 ರೂ. ಯಾರಾದರೂ ಲಕ್ಷ ರೂಪಾಯಿಯ ಬ್ಯಾಟರಿ ಸೂಚಿಸಿದರೆ, ಕುಸಿತವೆಲ್ಲವೂ ಅದರಿಂದಲೇ ಸರಿಹೋದರೂ ಹಣ ವಾಪಸಾಗಲು ಏಳೂವರೆ ವರ್ಷಕ್ಕೂ ಹೆಚ್ಚು ಬೇಕು. ಉಳಿಕೆಯಾದ 2 ಲೀಟರು ಮಾತ್ರ ಸರಿಹೋಗುವುದಾದರೆ ಉಳಿತಾಯ ವರ್ಷಕ್ಕೆ 2,400 ರೂ.; ಆ ದರದಲ್ಲಿ ಹಣ ವಾಪಸಾಗುವ ವೇಳೆಗೆ ಕಾರೇ ಇರುವುದಿಲ್ಲ. ಆ 2 ಲೀಟರಿಗೆ ಗಾಳಿ ಹಾಕಿಸುವುದರಿಂದಲೂ ಬ್ರೇಕ್ ನೋಡಿಸುವುದರಿಂದಲೂ ಆರಂಭಿಸುವುದು ಯುಕ್ತ.

ಇಲ್ಲಿನ ಅಂಕಿಗಳು ಮಾದರಿಗಾಗಿ ಕೊಟ್ಟವು. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಇದೇ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ವಿವರಣೆ ಸಿಗದ ಉಳಿಕೆ ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಆಗ ತಡಮಾಡದೆ ಸೇವಾ ಕೇಂದ್ರಕ್ಕೆ ಹೋಗಬೇಕು. ಆ ಪುಸ್ತಕವನ್ನೂ ಕೊಂಡೊಯ್ಯಬೇಕು. "ಮೈಲೇಜ್ ಬರುತ್ತಿಲ್ಲ" ಎಂಬ ಬಾಯಿಮಾತಿನ ದೂರಿಗಿಂತ ಐದು ಭರ್ತಿಗಳ ಲಿಖಿತ ಲೆಕ್ಕಕ್ಕೆ ಮೇಲ್ವಿಚಾರಕರು ಹೆಚ್ಚು ಬೆಲೆ ಕೊಡುತ್ತಾರೆ, ವಾರಂಟಿಯ ಮಾತು ಬಂದಾಗಲೂ ಅದೇ ಆಧಾರವಾಗುತ್ತದೆ. ಇದೇ ತಿಂಗಳ ಮೊದಲ ಭರ್ತಿಯಿಂದಲೇ ಪುಸ್ತಕ ತೆರೆಯುವುದು ಒಳ್ಳೆಯದು.